ಸ್ಲೊವೇನ್ ಭಾಷೆಯ ಮೊದಲ ಪಾಠ

ನನ್ನ ತಮ್ಮ ಲಾರಿ ಓಡಿಸಲು ಸ್ಲೊವೇನಿಯಾಕ್ಕೆ ಹೋಗುವವರೆಗೆ ಅಂಥದೊಂದು ದೇಶವಿದೆ ಎಂಬುದೇ ನಮ್ಮ ಇಬ್ರಾಹಿಂಪುರದ ಓಣಿಗೆ ಗೊತ್ತಿರಲಿಲ್ಲ. ಹೆಂಡತಿಯನ್ನು ಕರೆಸಿಕೊಳ್ಳಬೇಕಾದರೆ ಅವಳಿಗೂ ಅಲ್ಲಿನ ಭಾಷೆ ಸ್ವಲ್ಪ ಬರಬೇಕು ಎಂದು ಅವನು ಫೋನಿನಲ್ಲಿ ಹೇಳಿದ. ಅವಳು ನಿಡೋಣಿಯ ಹೆಣ್ಣುಮಗಳು. ಕನ್ನಡ ಬಿಟ್ಟರೆ ಅಷ್ಟಿಷ್ಟು ಹಿಂದಿ. ಆದರೂ ಹಟ ಹಿಡಿದು ಮೊಬೈಲ್ ಮುಂದೆ ಕುಳಿತಳು. ರೊಟ್ಟಿ ಬಡಿಯುತ್ತಲೇ ‘ದೋಬೆರ್ ದಾನ್’ ಎನ್ನುವಳು, ನಮಸ್ಕಾರ ಎಂದ ಹಾಗೆ. ಎಮ್ಮೆಗೂ ಅದನ್ನೇ ಹೇಳುವಳು. ಅವನ ಅಕ್ಕ ನಾನು, ಎದುರಿಗೆ ಕುಳಿತು ಪಾಠ ಒಪ್ಪಿಸಿಕೊಳ್ಳುತ್ತಿದ್ದೆ.

ಎಡವಿದ್ದು ಮೊದಲ ಪಾಠದಲ್ಲೇ. ‘ಮೊಯ್ ಮೋಝ್ ಯೆ’, ಅಂದರೆ ‘ನನ್ನ ಗಂಡ’ ಎಂದು ಶುರು ಮಾಡಿ ಅವನ ಹೆಸರು ಹೇಳಬೇಕು. ಅಲ್ಲಿಗೆ ಬಂದಳೆಂದರೆ ಬಾಯಿಗೆ ಬೀಗ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ತವರಿನಲ್ಲಿ ಕಲಿಸಿದ್ದರು. ನನ್ನವ್ವನೂ ಅದನ್ನೇ ನಂಬಿದವಳು. ಇದು ಪರದೇಶದ ಮಾತು, ನಮ್ಮ ದೇವರಿಗೆ ತಿಳಿಯುವುದಿಲ್ಲ ಎಂದು ಕೆಣಕಿದೆ. ಹೆಸರು ಯಾವ ಭಾಷೆಯಲ್ಲಾದರೂ ಅವರದೇ ಅಲ್ಲವೇ ಎಂದಳು. ನನಗೆ ಮೈಯೆಲ್ಲ ಉರಿಯಿತು.

ಒಂದು ಮಧ್ಯಾಹ್ನ ತಮ್ಮನ ಜೊತೆಯ ಡ್ರೈವರ್ ಫೋನ್ ಮಾಡಿದ. ಲಾರಿ ಪಲ್ಟಿಯಾಗಿದೆ, ಆಸ್ಪತ್ರೆಗೆ ಒಯ್ದಿದ್ದಾರೆ, ಹೆಂಡತಿ ಕೇಳಿದರೆ ಮಾತ್ರ ವಿವರ ಹೇಳುತ್ತಾರಂತೆ ಎಂದು ಆಸ್ಪತ್ರೆಯ ನಂಬರ್ ಕೊಟ್ಟ. ನಂಬರ್ ಹಚ್ಚಿ ಅವಳ ಕೈಗೆ ಕೊಟ್ಟೆ. ಅತ್ತಲಿಂದ ಹೆಣ್ಣುದನಿಯೊಂದು ಏನೋ ಕೇಳಿತು. ‘ಇಮೆ’ ಎಂಬುದಷ್ಟು ಇಬ್ಬರಿಗೂ ತಿಳಿಯಿತು: ಹೆಸರು. ನಾನೇ ಹೇಳುತ್ತೇನೆಂದು ಕೈ ಚಾಚಿದೆ, ಅವಳು ಫೋನ್ ಕೊಡಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು, ‘ಮೊಯ್ ಮೋಝ್ ಯೆ’ ಎಂದು, ಮದುವೆಯಾದ ಮೇಲೆ ಮೊದಲ ಸಲ ಅವನ ಹೆಸರು ಹೇಳಿದಳು. ಫೋನಿನ ಆಚೆಗಿದ್ದ ಆಕೆಗೆ ಕೇಳಿಸಲಿಲ್ಲ. ಈಗ ಮನೆತನದ ಹೆಸರಿನ ಸಮೇತ ಗಟ್ಟಿಯಾಗಿ ಹೇಳಿದಳು. ಒಳಗೆ ಜೋಳ ಹಸನು ಮಾಡುತ್ತಿದ್ದ ಅವ್ವ ಎದ್ದು ಬಂದು ಬಾಗಿಲಲ್ಲಿ ನಿಂತಳು.

ಆಗ ಆ ದನಿ ಮೆಲ್ಲಗೆ ‘ಝಾಲ್ ಮಿ ಯೆ’ ಎಂದಿತು. ನನಗೆ ವಿಷಾದವಾಗುತ್ತಿದೆ ಎಂದು ಅರ್ಥ. ಅದೂ ಪಾಠದಲ್ಲಿ ಬಂದಿತ್ತು. ಅವಳು ಫೋನನ್ನು ನೆಲದ ಮೇಲಿಟ್ಟಳು. ನಮ್ಮ ಮುಖ ನೋಡಿಯೇ ಅವ್ವನಿಗೆ ತಿಳಿಯಿತು.

“ಹೆಸರು ಹೇಳಿ ನನ್ನ ಮಗನ್ನ ಕಳದಿ,” ಎಂದು ಅವ್ವ ಎದೆ ಬಡಿದುಕೊಂಡಳು.

ಅವನು ನಸುಕಿನಲ್ಲೇ ತೀರಿಕೊಂಡಿದ್ದ. ಇವಳು ಬಾಯಿ ತೆರೆಯುವ ಹೊತ್ತಿಗೆ ಎಲ್ಲ ಮುಗಿದುಹೋಗಿತ್ತು. ಅದನ್ನು ಡ್ರೈವರ್ ಆಮೇಲೆ ತಿಳಿಸಿದ. ಅವ್ವನಿಗೆ ಹೇಳಿ ನೋಡಿದೆ, ಕೇಳಲಿಲ್ಲ. ಇವಳಿಗಾದರೂ ತಿಳಿಯಲಿ ಎಂದು ಹತ್ತಿರ ಕೂಡಿಸಿಕೊಂಡು ಮತ್ತೆ ಮತ್ತೆ ಹೇಳಿದೆ. ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡಳು.

“ನಾ ಹೆಸರು ಹೇಳೂ ತನಕಾ ಅವರು ಇದ್ರಲ್ರೀ, ಅಕ್ಕಾರ,” ಎಂದಳು.