ಮುನಿಯಲ್ಲಮ್ಮ ಹತ್ತಿದ ತೆಪ್ಪ

ಮುನಿಯಲ್ಲಮ್ಮನ ಹೋಟ್ಲಲ್ಲಿ ಒಂದು ಸಲ ಉಂಡವರಿಗೆ ಎರಡು ವಿಷಯ ಗೊತ್ತಾಗಿಬಿಡುತ್ತಿತ್ತು. ನಂಗಲಿ ಹೈವೇ ಉದ್ದಕ್ಕೂ ಹುಡುಕಿದರೂ ಅಂಥ ಮುದ್ದೆ, ಅಂಥ ಹುರುಳಿಕಾಳು ಬಸ್ಸಾರು ಇನ್ನೊಂದು ಕಡೆ ಸಿಗಲ್ಲ ಅನ್ನೋದು ಒಂದು. ಮುದ್ದೆ ತೊಳಸೋ ಆ ಕೋಲು ಬರೀ ಮುದ್ದೆಗಲ್ಲ ಅನ್ನೋದು ಇನ್ನೊಂದು. ತೊಂಬತ್ತೆರಡನೇ ಇಸವಿಯೋ ತೊಂಬತ್ತಮೂರೋ, ಚಿತ್ತೂರು ಕಡೆಯ ಲಾರಿ ಡ್ರೈವರೊಬ್ಬ ಪಾತ್ರೆ ತೊಳೆಯೋ ಹೆಂಗಸಿನ ಸೆರಗಿಗೆ ಕೈ ಹಾಕಿದ. ಏನಯ್ಯಾ ಅಂತ ಒಂದು ಮಾತು ಕೇಳೋದಿಲ್ವಾ ಮನುಷ್ಯರಾದವರು? ಇವಳು ಕೇಳಲಿಲ್ಲ. ಕುದಿಯೋ ಪಾತ್ರೆಯಿಂದ ಕೋಲು ಎಳೆದು, ಹಿಟ್ಟು ಮೆತ್ತಿದ್ದ ಹಾಗೇ ಅವನ ಬಾಯಿ ಮೇಲೆ ಬಿಟ್ಟಳು. ಅವನ ಮುಂದಿನ ಹಲ್ಲು ಅವನ ತಟ್ಟೆಯಲ್ಲೇ ಬಿದ್ದವು. ಆಮೇಲೆ ನಿಂತು ಅವನ ವಂಶವನ್ನೆಲ್ಲ ತೆಲುಗಿನಲ್ಲಿ ವಿಚಾರಿಸಿಕೊಂಡಳು. ವ್ಯಾಪಾರಕ್ಕೆ ಕನ್ನಡ, ಕೋಪಕ್ಕೆ ತೆಲುಗು ಅಂತ ಅವಳೇ ಮಾಡಿಕೊಂಡಿದ್ದ ಏರ್ಪಾಟು.

ಕೈ ಮುಂದು, ಮಾತು ಹಿಂದು. ಅದೇ ಅವಳ ಹುಟ್ಟುಗುಣ. ಅವಳ ತಾಯಿ ಮುತ್ಯಾಲಮ್ಮ ಮಕ್ಕಳನ್ನ ಸಾಕಿದ್ದೇ ಹುಣಸೆ ಬರಲಿನಲ್ಲಿ, ಹಾಗಾಗಿ ಈ ಗುಣ ಎಲ್ಲಿಂದ ಬಂತು ಅಂತ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮುನಿಯಲ್ಲಮ್ಮನಿಗೆ ಒಬ್ಬನೇ ತಮ್ಮ, ಕದಿರೇಶ. ಹನ್ನೆರಡು ವರ್ಷ ಚಿಕ್ಕವನು. ತಾಯಿ ಕೂಲಿಗೆ ಹೋದರೆ ಅವನನ್ನ ಸೊಂಟದ ಮೇಲೆ ಹೊತ್ತು ತಿರುಗಿದವಳು ಇವಳೇ. ಯಾವನೋ ದೊಡ್ಡ ಹುಡುಗ ಆ ಮಗುವನ್ನ ಕಪಿಲೆ ಬಾವಿಯ ತೊಟ್ಟಿಗೆ ತಳ್ಳಿದ ಅಂತ, ಆ ಹುಡುಗನ ಕಿವಿ ಕಚ್ಚಿ ಹರಿದುಹಾಕಿದ್ದಳು. ಪಂಚಾಯ್ತಿಯಲ್ಲಿ ತಪ್ಪಾಯ್ತು ಅನ್ನು ಅಂದರೆ, "ಇನ್ನೊಂದು ಕಿವಿ ಇದೆಯಲ್ಲ, ಅದನ್ನ ಜೋಪಾನ ಮಾಡ್ಕೊಳ್ಳೋಕೆ ಹೇಳಿ" ಅಂದಳಂತೆ.

ಮದುವೆ ಆಗಿದ್ದೂ ಹುಟ್ಟಿದ ಊರಿನಲ್ಲೇ, ಹೈವೇಯಿಂದ ಕೂಗಳತೆಯ ಊರು. ಗಂಡ ಲಾರಿ ಡ್ರೈವರು, ತಿಂಗಳಿಗೊಂದು ಸಲ ಮುಖ ತೋರಿಸಿದರೆ ಅದೇ ಹೆಚ್ಚು. ಗಂಡನ ಅಣ್ಣ ನರಸಿಂಹಪ್ಪ ಊರಿಗೆ ದೊಡ್ಡ ಮನುಷ್ಯ. ನರಸಿಂಹಪ್ಪನ ಮಗ ವೆಂಕಟರಮಣ ಅಪ್ಪನಿಗಿಂತ ದೊಡ್ಡ ಮನುಷ್ಯ ಅಂದುಕೊಂಡಿದ್ದ. ಕದಿರೇಶ ಹೈವೇ ಪಕ್ಕ, ಅಕ್ಕನ ಹೋಟ್ಲಿಗೆ ಅಂಟಿಕೊಂಡ ಹಾಗೆ ಪಂಚರ್ ಅಂಗಡಿ ಹಾಕಿಕೊಂಡಿದ್ದ. ತವರು ಒಂದು ಬೀದಿ, ಗಂಡನ ಮನೆ ಇನ್ನೊಂದು ಬೀದಿ, ಎರಡಕ್ಕೂ ಹಾವು ಮುಂಗಿಸಿಯ ಸ್ನೇಹ.

ಆ ಜಗಳ ಹುಟ್ಟಿದ್ದೂ ಕೆರೆಯಿಂದ, ಸತ್ತಿದ್ದೂ ಕೆರೆಯಲ್ಲಿ. ನಮ್ಮ ಸೀಮೆಯ ಕೆರೆಗಳ ಹಣೆಬರಹ ಗೊತ್ತಲ್ಲ, ಹತ್ತು ವರ್ಷಕ್ಕೊಂದು ಸಲ ತುಂಬಿದರೆ ಜನ ಅದನ್ನೇ ಮೊಮ್ಮಕ್ಕಳಿಗೆ ಹೇಳ್ತಾರೆ. ಆ ಊರಲ್ಲಿ ಕೆರೆ ಕೋಡಿ ಬಿದ್ದ ವರ್ಷ ಮಾತ್ರ ಗಂಗಮ್ಮನಿಗೆ ದೀಪದ ಹಬ್ಬ. ಏರಿ ಉದ್ದಕ್ಕೂ ಹಣತೆ, ಬೀದಿಬೀದಿಗೆ ಸೀರಿಯಲ್ ಸೆಟ್ಟು, ಗುಡಿ ಮುಂದೆ ಬಣ್ಣದ ಬಲ್ಬಿನಲ್ಲೇ ಕಟ್ಟಿದ ನವಿಲು. ಆ ದೀಪಗಳನ್ನ ದಡದಲ್ಲಿ ನಿಂತು ನೋಡಿದರೆ ಪುಣ್ಯವಿಲ್ಲ, ನೀರಿನ ಮೇಲಿಂದಲೇ ನೋಡಬೇಕು. ಅದಕ್ಕೆ ಬೀದಿಗೊಂದು ತೆಪ್ಪ ಬಿಡ್ತಾರೆ. ಮೊದಲ ಸುತ್ತು ಹೋಗೋ ತೆಪ್ಪಕ್ಕೆ ಮಾನ ಜಾಸ್ತಿ. ಯಾವುದು ಮೊದಲು ಅಂತ ತೀರ್ಮಾನಿಸೋದು ಗೌಡರಲ್ಲ, ಪೂಜಾರಿಯಲ್ಲ. ಆ ಊರಲ್ಲೇ ಹುಟ್ಟಿ ಆ ಊರಿಗೇ ಸೊಸೆಯಾದ ಹೆಂಗಸು ತಂಬಿಟ್ಟಿನ ದೀಪ ಹೊತ್ತು ಬಂದು ಯಾವ ತೆಪ್ಪಕ್ಕೆ ಕಾಲಿಡುತ್ತಾಳೋ ಅದು ಮೊದಲು. ಉಳಿದದ್ದು ಅದರ ಹಿಂದೆ.

ತೊಂಬತ್ತಾರರಲ್ಲಿ ಕೋಡಿ ಬಿದ್ದಾಗ ದೀಪ ಹೊತ್ತವಳು ಒಬ್ಬ ಮುದುಕಿ. ಅವಳ ಕಾಲು ಯಾವ ತೆಪ್ಪ ಮುಟ್ಟಿತು ಅನ್ನೋದರ ಮೇಲೇ ಹೊಡೆದಾಟ ಹತ್ತಿತು. ವೆಂಕಟರಮಣ ಕದಿರೇಶನ ಭುಜದ ಮೂಳೆ ಮುರಿದ. ಕದಿರೇಶ ಬಿದ್ದಲ್ಲೇ ಕೈಗೆ ಸಿಕ್ಕಿದ ಮಚ್ಚು ಬೀಸಿ ವೆಂಕಟರಮಣನ ಬಲಗೈಯ ಎರಡು ಬೆರಳು ತೆಗೆದುಬಿಟ್ಟ. ಕೇಸು, ಕೋರ್ಟು, ಮುಳಬಾಗಿಲಿಗೆ ಅಲೆದಾಟ, ಕೊನೆಗೆ ರಾಜಿ. ರಾಜಿ ಆಗಿದ್ದು ಕಾಗದದಲ್ಲಿ, ಹೊಟ್ಟೆಯೊಳಗಿನ ಉರಿ ಹಾಗೇ ಇತ್ತು.

ಎರಡು ಸಾವಿರದ ಐದರಲ್ಲಿ ಕೆರೆ ಮತ್ತೆ ಕೋಡಿ ಬಿತ್ತು. ಆ ಮುದುಕಿ ಸತ್ತು ಎಷ್ಟೋ ವರ್ಷ ಆಗಿತ್ತು. ಊರ ಮಗಳೂ ಊರ ಸೊಸೆಯೂ ಅಂತ ಉಳಿದಿದ್ದವಳು ಮುನಿಯಲ್ಲಮ್ಮ ಒಬ್ಬಳೇ. ತಮ್ಮ ಹಿರಿಹಿರಿ ಹಿಗ್ಗಿದ. ಲಾರಿ ಟ್ಯೂಬುಗಳಿಗೆ ಗಾಳಿ ತುಂಬಿ, ಮೇಲೆ ಬಿದಿರಿನ ತಡಿಕೆ ಕಟ್ಟಿ, ಅದರ ಮೇಲೆ ಜಮಖಾನ ಹಾಸಿ ತೆಪ್ಪ ಮಾಡಿದ. ನರಸಿಂಹಪ್ಪನ ಮನೆಯವರು ಖಾಲಿ ಡೀಸೆಲ್ ಡ್ರಮ್ಮು ಸಾಲಾಗಿ ಮಲಗಿಸಿ, ಹಗ್ಗದಲ್ಲಿ ಬಿಗಿದು, ಹಲಗೆ ಬಡಿದು, ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಊರಲ್ಲಿ ಬಾಯಿ ಇದ್ದವರೆಲ್ಲ ಅದೇ ಮಾತು. ಟ್ಯೂಬಿನದು ಮೆತ್ತಗಿರುತ್ತೆ, ಆದರೆ ಸೊಂಟ ಒದ್ದೆಯಾಗುತ್ತೆ ಅಂತ ಒಬ್ಬರು. ಡ್ರಮ್ಮಿನದು ಭದ್ರ, ಮುಳಬಾಗಿಲಿನ ಆಫೀಸರು ಮನೆಯವರೆಲ್ಲ ಕುರ್ಚಿಗೆ ಹೇಳಿಟ್ಟಿದ್ದಾರೆ ಅಂತ ಇನ್ನೊಬ್ಬರು. ಅಕ್ಕ ಎಲ್ಲಿಗೆ ಹತ್ತುತ್ತಾಳೆ ಅಂತ ಮಾತ್ರ ಕದಿರೇಶ ಒಂದು ಸಲವೂ ಕೇಳಲಿಲ್ಲ. ಅದೂ ಒಂದು ಕೇಳೋ ಮಾತಾ?

ಹಬ್ಬಕ್ಕೆ ಮುಂಚೆ ಒಂದು ಮಧ್ಯಾಹ್ನ ವೆಂಕಟರಮಣ ಹೋಟ್ಲಿಗೆ ಬಂದ. ಸೊಂಟದಿಂದ ಮಚ್ಚು ತೆಗೆದು ಎಲೆ ಪಕ್ಕ ಇಟ್ಟುಕೊಂಡು, ಮುದ್ದೆ ಕೇಳಿದ. ಮುನಿಯಲ್ಲಮ್ಮ ಬಡಿಸಿದಳು, ಕೋಲು ಮಾತ್ರ ಕೈಯಿಂದ ಬಿಡಲಿಲ್ಲ.

"ಚಿಕ್ಕಮ್ಮ, ನೀನು ನಮ್ಮನೆ ಸೊಸೆ, ಅದಕ್ಕೇ ಹೇಳೋಕೆ ಬಂದೆ," ಅಂದ. "ನಿನ್ನ ತಮ್ಮನ ತೆಪ್ಪ ಮೊದಲು ನೀರಿಗೆ ಇಳಿದ್ರೆ, ಅವನ ಹೆಣ ಹಿಂದಿಂದ ಇಳಿಯುತ್ತೆ. ಹುಡುಗರು ರೆಡಿ ಇದ್ದಾರೆ. ನಾನು ಬೇಡ ಅಂದ್ರೂ ಬಿಡಲ್ಲ."

"ಏಂರಾ, ನನ್ನ ಸಾರು ಉಂಡ್ಕೊಂಡು ನನ್ನ ತಮ್ಮನ ಹೆಣ ಅಂತೀಯ?" ಕೋಲು ಮೇಲೆದ್ದೇಬಿಟ್ಟಿತ್ತು.

ಅವನು ಕೂತಲ್ಲಿಂದ ಅಲ್ಲಾಡಲಿಲ್ಲ. "ಹೊಡಿ. ಆಮೇಲೆ ಅವನನ್ನ ಎಷ್ಟು ದಿನ ಸೆರಗಲ್ಲಿ ಕಟ್ಕೊಂಡು ಕಾಯ್ತೀಯ? ನಮ್ಮದಕ್ಕೆ ಕಾಲಿಡು, ಮಾನ ನಮಗೆ ಬರ್ಲಿ. ಎರಡನೇ ಸುತ್ತು ಅವನೇ ಹೋಗ್ಲಿ, ಯಾವನೂ ಅವನ ಮೈ ಮುಟ್ಟಲ್ಲ." ಗಂಗಮ್ಮನ ಮೇಲೆ ಆಣೆ ಇಡು ಅಂದಳು. ಉಳಿದಿದ್ದ ಮೂರು ಬೆರಳು ಎಲೆಯ ಉಪ್ಪಿನ ಮೇಲಿಟ್ಟು ಆಣೆ ಮಾಡಿದ.

ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡಂಗಾಯ್ತು ಅವಳಿಗೆ. ತಮ್ಮನಿಗೆ ಹೇಳೋ ಹಾಗಿಲ್ಲ. ಹೇಳಿದರೆ, "ನನ್ನ ಹೆಣ ಇಳಿಸ್ತಾನಾ, ಬರ್ಲಿ" ಅಂತ ಆಗಲೇ ಎದ್ದು ಹೋಗೋ ಜಾತಿ ಅವನು. ಹೇಳದೆ ಹೋದರೆ ತವರಿಗೆ ದ್ರೋಹಿ. ತಮ್ಮ ಜೀವಂತ ಇದ್ದು ನನ್ನ ಮುಖಕ್ಕೆ ಉಗಿಯಲಿ, ಒರೆಸಿಕೊಳ್ಳೋಣ ಅಂತ ಗಟ್ಟಿ ಮನಸ್ಸು ಮಾಡಿದಳು. ಜೀವನದಲ್ಲಿ ಮೊದಲ ಸಲ ಹೊಡೆಯದೆ ಒಂದು ಕೆಲಸ ಮಾಡೋಕೆ ಹೊರಟಿದ್ದಳು ಪಾಪ.

ಹಬ್ಬದ ದಿನ ಹೊತ್ತು ಮುಳುಗೋ ಸಮಯ. ಶ್ರೀನಿವಾಸಪುರ, ಯಲ್ದೂರಿನಿಂದೆಲ್ಲ ಜನ. ತಮಟೆ, ಪಟಾಕಿ, ಮೈಕ್ ಸೆಟ್ಟು, ಪಕ್ಕದವನ ಮಾತೇ ಕೇಳದಷ್ಟು ಗಲಾಟೆ. ತಲೆ ಮೇಲೆ ತಂಬಿಟ್ಟಿನ ದೀಪ ಹೊತ್ತು ಮುನಿಯಲ್ಲಮ್ಮ ಮೆಟ್ಟಿಲು ಇಳಿದಳು. ಎಡಕ್ಕೆ ಟ್ಯೂಬಿನ ತೆಪ್ಪ, ಅದರ ಪಕ್ಕ ಹೊಸ ಪಂಚೆ ಉಟ್ಟ ಕದಿರೇಶ, ಅಕ್ಕನಿಗೆ ಕೈ ಕೊಡೋಕೆ ನಿಂತಿದ್ದ. ಬಲಕ್ಕೆ ಡ್ರಮ್ಮಿನದು. ಅವಳು ತಮ್ಮನ ಮುಖ ನೋಡಲಿಲ್ಲ. ನೋಡಿದ್ದರೆ ಕಾಲು ಎಡಕ್ಕೇ ಹೋಗುತ್ತಿತ್ತು. ಬಲಗಾಲು ಎತ್ತಿ ಡ್ರಮ್ಮಿನ ಹಲಗೆ ಮೇಲಿಟ್ಟಳು. ನರಸಿಂಹಪ್ಪನ ಕಡೆಯವರು ಶಿಳ್ಳೆ ಹೊಡೆದರು. ತಾಯಿ ಮುತ್ಯಾಲಮ್ಮ ದಡದಲ್ಲೇ ಕಾರಿ ಉಗಿದಳು. ಆಮೇಲೆ ತಿರುಗಿ ನೋಡಿದರೆ ಕದಿರೇಶ ಬಾಯಿ ತೆರೆದವನು ತೆರೆದ ಹಾಗೇ ನಿಂತಿದ್ದ, ಮುಖ ಬೂದಿ ಆಗಿತ್ತು. ಅವಮಾನಕ್ಕೆ ಅಂತ ಅಂದುಕೊಂಡಳು.

ವೆಂಕಟರಮಣ ಬಿದಿರು ಗಳ ಊರಿ ತೆಪ್ಪ ತಳ್ಳಿದ. ಹಿಂದೆ ಮುಳಬಾಗಿಲಿನ ಸಂಸಾರಗಳು ಕುರ್ಚಿ ಮೇಲೆ, ನಡುವೆ ತಮಟೆಯವರು, ಮುಂದೆ ಇವಳು. ಕೆರೆಯ ನಡುವಿಗೆ ಬರುತ್ತಿದ್ದಂತೆ ಕತ್ತಲಾಯಿತು, ಅವಳು ತಲೆ ಮೇಲಿನ ದೀಪ ನೀರಿಗೆ ಬಿಟ್ಟಳು, ಏರಿ ಉದ್ದಕ್ಕೂ ದೀಪ ಹತ್ತಿಕೊಂಡವು. ಎಷ್ಟು ಚೆನ್ನಾಗಿತ್ತು ಅಂದರೆ ಅವಳಿಗೇ ಅಳು ಬಂತು. ನನ್ನ ತಮ್ಮ ಬದುಕಿದ, ತಾಯಿ ಗಂಗಮ್ಮ, ಅಷ್ಟು ಸಾಕು ಅಂದುಕೊಂಡಳು. ಹಲಗೆ ಒಂದು ಕಡೆ ವಾಲುತ್ತಿದ್ದದ್ದು ಅವಳ ಗಮನಕ್ಕೆ ಬರಲಿಲ್ಲ.

"ಹಗ್ಗ ಕೊಯ್ಯೋಕೆ ಬಂದ್ರು ಕಣ್ರೋ," ಅಂತ ವೆಂಕಟರಮಣ ಅರಚಿದ. ಅವಳ ಕಾಲ ಹತ್ತಿರ, ಡ್ರಮ್ಮು ಕಟ್ಟಿದ್ದ ಹಗ್ಗದ ಮೇಲೆ ಒಂದು ಕೈ. ನೀರಿನಿಂದ ಒಂದು ತಲೆ ಮೇಲೇಳುತ್ತಿತ್ತು. ದೀಪವೆಲ್ಲ ಅದರ ಬೆನ್ನ ಹಿಂದೆ, ಮುಖ ಬರೀ ಕಪ್ಪು. ಹಿಂದೆ ಕುರ್ಚಿಯಲ್ಲಿ ಯಾರದೋ ಕೂಸು ತಾಯಿ ತೊಡೆ ಮೇಲೆ ಕೂತಿತ್ತು. ಯಾರು ನೀನು ಅಂತ ಕೇಳೋಕೆ ಎಷ್ಟು ಹೊತ್ತು ಬೇಕು? ವೆಂಕಟರಮಣನ ಕೈಯಿಂದ ಗಳ ಕಿತ್ತುಕೊಂಡಳು, ಎರಡೂ ಕೈಯಲ್ಲಿ ಎತ್ತಿ ಆ ತಲೆ ಮೇಲೆ ಹೊಡೆದಳು. ಮತ್ತೊಂದು ಹೊಡೆದಳು. ಬುರುಡೆ ಒಡೆದದ್ದು ಗಳದ ಉದ್ದಕ್ಕೂ ಬಂದು ಅವಳ ಅಂಗೈಗೆ ತಿಳಿಯಿತು. ಕೈ ಹಗ್ಗ ಬಿಟ್ಟಿತು, ತಲೆ ಮುಳುಗಿತು.

ಆ ಜಾಗದಲ್ಲಿ ಗಾಳಿ ತುಂಬಿದ ಲಾರಿ ಟ್ಯೂಬೊಂದು ತೇಲುತ್ತಾ ಬಂದು ಹಲಗೆಗೆ ತಾಕಿತು. ಮೇಲೆ ಕದಿರೇಶನ ಅಂಗಡಿಯ ಕೆಂಪು ಪ್ಯಾಚು.

ಆಮೇಲಿನದು ಅವಳಿಗೆ ಸರಿಯಾಗಿ ನೆನಪಿಲ್ಲ. ತೆಪ್ಪ ಮಗುಚಿತು. ಕುರ್ಚಿ, ತಮಟೆ, ಸೀರೆ, ಕೂಗಾಟ. ಈಜು ಬಾರದ ಅವಳ ಕಂಕುಳಿಗೆ ಆ ಟ್ಯೂಬು ಸಿಕ್ಕಿತು. ದಡದಿಂದ ಕದಿರೇಶನ ಗೆಳೆಯ ಗಂಗುಲಪ್ಪ ಮತ್ತವನ ಹುಡುಗರು ಟ್ಯೂಬಿನ ತೆಪ್ಪ ತಂದು ಎಲ್ಲರನ್ನೂ ಎಳೆದು ಹಾಕಿಕೊಂಡರು, ವೆಂಕಟರಮಣನನ್ನೂ. ಯಾರೂ ಸಾಯಲಿಲ್ಲ, ಒಬ್ಬನನ್ನ ಬಿಟ್ಟು. ಅವನನ್ನ ಬಲೆ ಹಾಕಿ ತೆಗೆದರು. ನೆತ್ತಿ ಎರಡು ಕಡೆ ಒಡೆದಿತ್ತು.

ದಡದಲ್ಲಿ ಗಂಗುಲಪ್ಪ ಎದೆ ಎದೆ ಬಡಿದುಕೊಂಡು ಹೇಳಿದ. ಸಂಜೆಗೆ ಮುಂಚೆ ಡ್ರಮ್ಮುಗಳ ಮುಚ್ಚಳ ಸಡಿಲ ಮಾಡಿದ್ದು ಕದಿರೇಶನೇ. ಅಕ್ಕ ನಮ್ಮದಕ್ಕೇ ಹತ್ತೋದು, ಅವರದು ಹಿಂದೆ ಬರುತ್ತೆ, ಮೊಣಕಾಲು ನೀರಲ್ಲೇ ಮುಳುಗಿ ಊರು ನಗಲಿ ಅಂತ ಅವನ ಲೆಕ್ಕ. ಅಕ್ಕ ಅದಕ್ಕೇ ಹತ್ತಿದಾಗ ಬಾಯಿ ಬಿಡೋ ಹಾಗಿರಲಿಲ್ಲ, ಬಿಟ್ಟಿದ್ದರೆ ಅಲ್ಲೇ ಕೊಚ್ಚಿಹಾಕುತ್ತಿದ್ದರು. ಹತ್ತಿರದಲ್ಲೇ ಮುಳುಗುತ್ತೆ ಬಿಡು ಅಂದುಕೊಂಡ. ಡ್ರಮ್ಮು ನಿಧಾನವಾಗಿ ನೀರು ಕುಡಿದವು, ತೆಪ್ಪ ಆಳಕ್ಕೆ ಹೋಗಿಬಿಟ್ಟಿತು. "ಅಕ್ಕನಿಗೆ ಈಜು ಬರಲ್ಲ ಕಣೋ ಅಂತ ಟ್ಯೂಬು ಎಳ್ಕೊಂಡು ಹಾರೇಬಿಟ್ಟ," ಅಂದ ಗಂಗುಲಪ್ಪ.

ಹೊಡೆದದ್ದು ಯಾರು ಅಂತ ಯಾರೂ ಅವಳನ್ನ ಕೇಳಲಿಲ್ಲ, ಆ ಕತ್ತಲಲ್ಲಿ ಸರಿಯಾಗಿ ಕಂಡವರೂ ಇರಲಿಲ್ಲ. ಗಳ ಹಿಡಿದಿದ್ದವನು ವೆಂಕಟರಮಣ, ಹಳೇ ಸೇಡು ಅವನದು, ಇನ್ನೇನು ಕೇಳೋದು? ಪೊಲೀಸರು ನಂಗಲಿಯಿಂದ ಬರೋದ್ರೊಳಗೆ ತವರು ಬೀದಿಯೆಲ್ಲ ದೊಣ್ಣೆ ಕುಡುಗೋಲು ಹಿಡಿದು ಎದ್ದಿತ್ತು. ಎಲ್ಲರಿಗೂ ಮುಂದೆ ಮುತ್ಯಾಲಮ್ಮ, ಕೈಯಲ್ಲಿ ಮಚ್ಚು, ನರಸಿಂಹಪ್ಪನ ಮನೆ ಕಡೆಗೆ. ವೆಂಕಟರಮಣ ಸೇರಿಕೊಂಡಿದ್ದ ಆ ಮನೆ ಬಾಗಿಲಿಗೆ ಒಳಗಿಂದ ಒನಕೆ ಒರಗಿಸಿದ ಸದ್ದು ಬೀದಿಗೇ ಕೇಳಿಸಿತು. ಮುನಿಯಲ್ಲಮ್ಮ ಸುಮ್ಮನೆ ಇದ್ದಿದ್ದರೆ ಸಾಕಿತ್ತು. ವೆಂಕಟರಮಣ ಏನೂ ದೇವರಂಥವನಲ್ಲ, ಅವನು ಸತ್ತಿದ್ದರೆ ಆ ಬೀದಿಯಲ್ಲಿ ಒಬ್ಬರೂ ಅಳುತ್ತಿರಲಿಲ್ಲ. ಅವಳು ಒದ್ದೆ ಸೀರೆಯಲ್ಲೇ ಓಡಿಹೋಗಿ ತಾಯಿಯ ಎದುರಿಗೆ ಅಡ್ಡ ನಿಂತಳು.

"ಅವನಲ್ಲಮ್ಮ. ನಾನೇ ಹೊಡೆದಿದ್ದು."

ಮುತ್ಯಾಲಮ್ಮ ಮಚ್ಚಿನ ಹಿಂಬದಿಯಲ್ಲಿ ಮಗಳ ಭುಜಕ್ಕೆ ಹೊಡೆದಳು. "ಗಂಡನ ಮನೆಯೋರನ್ನ ಉಳಿಸ್ಕೊಳ್ತಿದೀಯ? ದಾರಿ ಬಿಡೇ." ಇನ್ನೊಂದು ಹೊಡೆದಳು. ಮುನಿಯಲ್ಲಮ್ಮ ಕೈ ಎತ್ತಿ ತಡೆಯಲಿಲ್ಲ, ಅಂಗೈ ಬಿಚ್ಚಿ ತೋರಿಸಿದಳು. ಬಿದಿರಿನ ಸಿಬಿರು ಎರಡೂ ಅಂಗೈಗೆ ಚುಚ್ಚಿಕೊಂಡು ರಕ್ತ ಬರುತ್ತಿತ್ತು. ತಾಯಿ ಆ ಅಂಗೈ ಹಿಡಿದು ನೋಡಿದಳು.

"ಅಕ್ಕಾ ಅಂತ ಕೂಗ್ಲಿಲ್ವೇನೇ ಅವನು?"

"ಕೂಗಿದ," ಅಂದಳು ಮುನಿಯಲ್ಲಮ್ಮ. "ಮೊದಲನೇ ಏಟು ಬಿದ್ದ ಮೇಲೆ ಅಕ್ಕಾ ಅಂದ. ಅಷ್ಟರಲ್ಲಿ ಎರಡನೇದು ಇಳಿಸಿಬಿಟ್ಟಿದ್ದೆನಮ್ಮ."