ಹನ್ನೊಂದು ಮನೆಯ ನೀಲಿ ಕುರ್ಚಿ

ಅವಳನ್ನು ಎಲ್ಲರೂ ಫಾರಂ ಅಕ್ಕ ಎಂದೇ ಕರೆಯುತ್ತಿದ್ದರು. ಬೇಸಾಯಗಾರರ ಮನೆಮನೆಗೆ ಹೋಗಿ, ಹೊಲದ ಕೆಲಸ ಬಿಟ್ಟರೆ ಅವರ ಬದುಕು ಹೇಗಿದೆ ಎಂದು ಸರ್ಕಾರಿ ಫಾರಂನಲ್ಲಿ ಬರೆದುಕೊಳ್ಳುವುದು ಅವಳ ಕೆಲಸ. ನಲ್ಲಿ ಇದೆಯೇ, ಪಾಯಿಖಾನೆ ಇದೆಯೇ, ಕುರ್ಚಿ ಇದೆಯೇ. ಇದ್ದರೆ ಒಂದೊಂದು ಅಂಕ. ಏಳು ಅಂಕ ಬಂತೋ, ಅದು ನೆಮ್ಮದಿಯ ಮನೆ. ವಾರಕ್ಕೊಮ್ಮೆ ಬರುವ ನರ್ಸಮ್ಮ ಆ ಮನೆಗಿನ್ನು ಬರುವುದಿಲ್ಲ. ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ಕೇಳಲು ಫಾರಂನಲ್ಲಿ ಜಾಗವಿಲ್ಲ. ಗೊಬ್ಬರದ ಚೀಲ ತುಂಬಿಟ್ಟಿದ್ದರೂ ಪಾಯಿಖಾನೆ ಪಾಯಿಖಾನೆಯೇ. ಬರೆದು ಬರೆದು, ಆ ಕಾಗದ ಮುಟ್ಟಿದರೆ ಕೈ ತೊಳೆಯಬೇಕೆನಿಸುತ್ತಿತ್ತು ಅವಳಿಗೆ.

ಅದು ಎರಡನೇ ವರ್ಷದ ಸುತ್ತು. ಬೀದಿಯ ಹತ್ತು ಮನೆ ಮುಗಿಸಿ ಕೊನೆಯದಕ್ಕೆ ಕಾಲಿಟ್ಟಳು. ವಾಸನೆ ಮೂಗಿಗೆ ಬಡಿಯಿತು. ಮುದುಕಿಯೊಬ್ಬಳು ಚಾಪೆಯ ಮೇಲೆ ಮಲಗಿದ್ದಳು. ಕಾಲಿಗೆ ಸುತ್ತಿದ ಬಟ್ಟೆಯ ತುಂಬ ನೊಣ.

"ನಮ್ಮತ್ತೆ ಕಾಲು," ಎಂದಳು ಸೊಸೆ. "ನರ್ಸಮ್ಮ ಬರ್ತಿದ್ದಾಗ ಗಾಯ ಒಣಗ್ತಾ ಇತ್ತು. ಹೋದ ವರ್ಷ ನೀವು ಬರ್ಕೊಂಡು ಹೋದ್ರಲ್ಲ ಅಕ್ಕ, ಆಮೇಲೆ ಬರ್ಲೇ ಇಲ್ಲ. ನಿಮ್ಮದು ನೆಮ್ಮದಿ ಮನೆಯಂತೆ ಅಂದ್ರು."

ಫಾರಂ ಅಕ್ಕ ಬಗ್ಗಿ ನೊಣ ಓಡಿಸಿದಳು. ಅಷ್ಟರಲ್ಲಿ ಪಕ್ಕದ ಮನೆಯಾಕೆ ಹಿತ್ತಿಲ ಬಾಗಿಲಿಂದ ನೀಲಿ ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಂದಿಟ್ಟು ಮಾಯವಾದಳು. ಅದರ ಒಂದು ಕೈ ಸೀಳಿಹೋಗಿತ್ತು, ತಂತಿ ಸುತ್ತಿದ್ದರು. ಬೆಳಿಗ್ಗೆ ಮೊದಲನೇ ಮನೆಯಲ್ಲಿ ಫಾರಂ ಅಕ್ಕನ ಸೆರಗು ಸಿಕ್ಕಿಕೊಂಡಿದ್ದು ಇದೇ ತಂತಿಗೆ.

"ಯಾರ ಕುರ್ಚಿ ಇದು?"

ಸೊಸೆ ಸೆರಗಿನಿಂದ ಕುರ್ಚಿಯ ಧೂಳು ಒರೆಸತೊಡಗಿದಳು. ಮುದುಕಿಯೇ ಬಾಯಿಬಿಟ್ಟಳು: "ಹನ್ನೊಂದು ಮನೆಗೂ ಅದೊಂದೇ ಕಣೇ. ನೀನು ಮುಂಬಾಗಿಲಿಂದ ಬರೋಷ್ಟರಲ್ಲಿ ಅದು ಹಿಂಬಾಗಿಲಿಂದ ಬಂದಿರುತ್ತೆ. ನಿನಗಿಂತ ಅದಕ್ಕೇ ಓಡಾಟ ಜಾಸ್ತಿ."

"ಯಾಕಜ್ಜಿ ಹೀಗೆ ಮಾಡಿದ್ರಿ?"

"ಬಂದೋರ್ನ ನೆಲದ ಮೇಲೆ ಕೂರಿಸೋಕಾಗುತ್ತಾ? ನಾಚ್ಕೆ ಆಗಲ್ವಾ?"

ಫಾರಂ ಅಕ್ಕ ಆ ಮನೆಯ ಹೋದ ವರ್ಷದ ಹಾಳೆ ತೆಗೆದು ನೋಡಿದಳು. ಏಳು ಅಂಕ. ಏಳನೆಯದು ಕುರ್ಚಿಯದು. ತಾನೇ ಕೂತು, ತಾನೇ ಗುರುತು ಹಾಕಿದ್ದಳು.

"ಇದನ್ನ ತಗೊಂಡು ಹೋಗ್ತೀನಿ ಅಜ್ಜಿ," ಎಂದವಳೇ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಆಫೀಸಿಗೆ ನಡೆದಳು. ಸಾಹೇಬರು ಬಿಸ್ಕತ್ತು ತಿನ್ನುತ್ತಿದ್ದರು. ಎಲ್ಲ ಕೇಳಿಸಿಕೊಂಡು ಮುಖ ಸಿಂಡರಿಸಿದರು.

"ಒಂದು ಬೀದಿಗೆ ಬೀದಿನೇ ಕೆಳಗಿಳಿದ್ರೆ ಮೇಲಿನೋರಿಗೆ ಏನಮ್ಮ ಹೇಳ್ಲಿ? ನೆಮ್ಮದಿ ಏರ್ಬೇಕು. ಕುರ್ಚಿ ಕಂಡ್ರಿ, ಕೂತ್ರಿ, ಮುಗೀತು."

"ಅಜ್ಜಿ ಕಾಲು ಕೊಳೀತಾ ಇದೆ ಸಾರ್."

"ಕಾಲಿಗೆ ಫಾರಂನಲ್ಲಿ ಜಾಗ ಇದೆಯಾ?" ಬಿಸ್ಕತ್ತಿನ ಎಂಜಲು ಪುಡಿ ಹಾಳೆಗಳ ಮೇಲೆ ಉದುರಿತು.

ಅವಳು ಪುಡಿ ಕೊಡವಿ, ಹತ್ತು ಹಾಳೆಗಳಲ್ಲಿ ಕುರ್ಚಿಯ ಗುರುತು ಹೊಡೆದುಹಾಕಿ, ಹನ್ನೊಂದನೆಯದರಲ್ಲಿ ಸೊನ್ನೆ ಬರೆದಳು. "ಈಗ ಯಾರ ಮನೇಲೂ ಕುರ್ಚಿ ಇಲ್ಲ ಸಾರ್, ಇಲ್ಲಿದೆ. ಬೇಕಾದ್ರೆ ನೀವೇ ಬಂದು ನೋಡಿ. ಮೊದಲು ಅಜ್ಜಿ ಮನೆಗೇ ಹೋಗೋಣ, ವಾಸನೇಲೇ ಗೊತ್ತಾಗುತ್ತೆ."

ಆ ಬೀದಿಯ ಕೆಸರಿಗೆ ಇಳಿಯುವುದಕ್ಕಿಂತ ಸಹಿ ಹಾಕುವುದೇ ಮೇಲೆನಿಸಿತು ಅವರಿಗೆ.

ಮುಂದಿನ ವಾರ ನರ್ಸಮ್ಮ ಬಂದಳು. ಎರಡು ಬೆರಳು ಹೋದವು, ಕಾಲು ಉಳಿಯಿತು.

ಮುದುಕಿಯನ್ನು ನೋಡಲು ಹೋದಾಗ ಫಾರಂ ಅಕ್ಕ ಚಾಪೆಯ ಮೇಲೇ ಕೂತಳು.

"ನಮ್ಮ ಕುರ್ಚಿ ಎಲ್ಲೇ?"

"ಆಫೀಸಲ್ಲಿದೆ ಅಜ್ಜಿ. ಕೇಳ್ದೆ, ಕೊಡ್ಲಿಲ್ಲ."

"ಯಾರಾದ್ರೂ ದೊಡ್ಡೋರು ಕೂರ್ತಾರಾ ಅದರ ಮೇಲೆ?"

ಊಟವಾದ ಮೇಲೆ ಸಾಹೇಬರು ಬೂಟುಗಾಲು ಚಾಚುವುದು ಅದರ ಮೇಲೆಯೇ. "ಹೂಂ ಅಜ್ಜಿ, ಕೂರ್ತಾರೆ," ಎಂದಳು. ಹೊರಗೆ ಬಂದು, ಚರಂಡಿಯ ಪಕ್ಕ ನಿಂತು, ಕ್ಯಾಕರಿಸಿ ಉಗಿದಳು.