ಶೇಂಗಾ ಎಣ್ಣೆ ಕುಡಿದ ಸ್ಟಾರ್ಟರ್

ಚಳ್ಳಕೆರೆಯ ನಾಗೇಂದ್ರಪ್ಪನಿಗೆ ಎಣ್ಣೆಯ ಮೇಲೆ ಇದ್ದಷ್ಟು ನಂಬಿಕೆ ದೇವರ ಮೇಲೂ ಇತ್ತೋ ಇಲ್ಲವೋ, ಹೇಳುವುದು ಕಷ್ಟ. ಅಪ್ಪ ಎಣ್ಣೆ ಮಿಲ್ಲು ನಡೆಸಿದವರು, ಇವನು ಎಣ್ಣೆ ಅಂಗಡಿ ಇಟ್ಟವನು. ಬಾಗಿಲು ಕಿರುಗುಟ್ಟಿದರೆ ಶೇಂಗಾ ಎಣ್ಣೆ, ಬೀಗ ಬಿಗಿಯಾದರೆ ಶೇಂಗಾ ಎಣ್ಣೆ, ಮೊಣಕಾಲು ನೋವಿಗೂ ಅದೇ. ಉದ್ದ ಮೂತಿಯ ಎಣ್ಣೆ ಕುಪ್ಪಿಯೊಂದು ಸದಾ ಕೈಗೆ ಸಿಗುವ ಹಾಗಿರಬೇಕು. ಅಂಥವನ ಮನೆಯಲ್ಲಿ ಯಾವುದಾದರೂ ವಸ್ತು ಒಣಗಿಕೊಂಡು ಉಳಿದಿದ್ದರೆ ಅದು ಅದರ ಪುಣ್ಯ.

ಅವನ ಹಳೇ ಬಿಳಿ ಕಾರಿಗೆ ಆ ಪುಣ್ಯವಿರಲಿಲ್ಲ. ಕೀಲಿ ತಿರುಗಿಸಿದರೆ ಟಕ್ ಎಂದು ಒಂದು ಸದ್ದು, ಅಷ್ಟೇ. ತಳ್ಳಿದರೆ ಮಾತ್ರ ಸ್ಟಾರ್ಟ್ ಆಗುತ್ತಿತ್ತು. ಊರಲ್ಲಿದ್ದಾಗ ಬೀದಿಯವರು ತಳ್ಳುತ್ತಿದ್ದರು. ಊರು ಬಿಟ್ಟರೆ ಆ ಭಾಗ್ಯ ಹೆಂಡತಿ ಜಗದಾಂಬಳದು. ಮೊಳಕಾಲ್ಮುರು ದಾರಿಯ ತಳಕಿನಲ್ಲಿ ಚಾ ಕುಡಿಯಲು ನಿಲ್ಲಿಸಿದರೂ ನಾಗೇಂದ್ರಪ್ಪ ಎಂಜಿನ್ ಆರಿಸುತ್ತಿರಲಿಲ್ಲ. ಒಂದು ಕಾಲು ಆಕ್ಸಿಲರೇಟರ್ ಮೇಲೆ, ಒಂದು ಕೈಯಲ್ಲಿ ಚಾ. ಪಕ್ಕದಲ್ಲಿ ಜಗದಾಂಬ ನಡುಗುವ ಸೀಟಿನ ಮೇಲೆ ಕೂತು ಅರ್ಧ ಚಾ ಕುಡಿದು ಅರ್ಧ ಚೆಲ್ಲಿಕೊಳ್ಳುತ್ತಿದ್ದಳು.

ಎಲ್ಲದಕ್ಕೂ ಒಂದು ಮಿತಿ ಇರುತ್ತದಲ್ಲ. ಮೊಳಕಾಲ್ಮುರಿನಲ್ಲಿ ನಾಗೇಂದ್ರಪ್ಪನ ತಂಗಿ ವಾಣಿಶ್ರೀಯ ಮಗಳ ಮದುವೆ ಮುಗಿಸಿ ಹೊರಟಾಗ, ಬೀಗರೆಲ್ಲ ಛತ್ರದ ಮುಂದೆ ನಿಂತು ನೋಡುತ್ತಿರುವಾಗ, ಜಗದಾಂಬ ಹೊಸ ರೇಷ್ಮೆ ಸೀರೆಯುಟ್ಟು ಕಾರು ತಳ್ಳಬೇಕಾಯಿತು. ಸೀರೆಯ ಅಂಚಿಗೆ ಅಂಗೈ ಅಗಲದ ಕಪ್ಪು ಜಿಡ್ಡು ಹತ್ತಿತು. ಮನೆ ಬಾಗಿಲಿಗೆ ಬಂದ ಮೇಲೆ ಒಂದೇ ಮಾತು ಹೇಳಿದಳು.

"ಇನ್ನೊಂದ್ಸಲ ಇದನ್ನ ತಳ್ಳಬೇಕು ಅಂದ್ರೆ ನಾನು ಬಸ್ಸಿಗೆ ಹೋಗ್ತೀನಿ. ನೀವು, ನಿಮ್ಮ ಕಾರು ಆರಾಮಾಗಿ ಬರ್ರಿ."

ಈಗ ಅದೇ ವಾಣಿಶ್ರೀಯ ಹೊಸ ಮನೆಯ ಗೃಹಪ್ರವೇಶ ಶುಕ್ರವಾರಕ್ಕೆ ಬಂದಿತ್ತು. ಕಾರು ಹೋದರೆ ಹೋಯಿತು, ಅದಲ್ಲ ನಾಗೇಂದ್ರಪ್ಪನ ಚಿಂತೆ. ಮನೆಯಲ್ಲಿ ಟೀವಿ ಮಾತಾಡುತ್ತದೆ, ಅಂಗಡಿಯಲ್ಲಿ ಗಿರಾಕಿಗಳು ಮಾತಾಡುತ್ತಾರೆ. ಜಗದಾಂಬ ಅವನೊಬ್ಬನಿಗೇ ಅಂತ ಮಾತಾಡುವುದು ಕಾರಿನಲ್ಲಿ ಮಾತ್ರ. ಚಳ್ಳಕೆರೆ ದಾಟುತ್ತಲೇ ಶುರುವಾದರೆ ತಳಕು, ಬಿ.ಜಿ. ಕೆರೆ ಕಳೆದು ಮೊಳಕಾಲ್ಮುರು ಬರುವವರೆಗೆ ನಿಲ್ಲದು. ಯಾರ ಸೊಸೆ ಹೇಗೆ, ಯಾರ ಬೋರ್‌ವೆಲ್ಲಿಗೆ ನೀರು ಬಂತು, ಇಪ್ಪತ್ತು ವರ್ಷದ ಹಿಂದೆ ಅತ್ತೆ ಏನಂದರು, ಎಲ್ಲ. ಇವನು ಹೂಂಗುಟ್ಟಿದರೆ ಸಾಕು. ಬಸ್ಸಿನಲ್ಲಾದರೆ ಅವಳು ಮುಂದಿನ ಹೆಂಗಸರ ಸೀಟಿಗೆ, ಇವನು ಹಿಂದಕ್ಕೆ. ಆ ಮಾತುಗಳೆಲ್ಲ ಪಕ್ಕದಲ್ಲಿ ಕೂತ ಯಾರೋ ಪುಣ್ಯಾತ್ಗಿತ್ತಿಯ ಪಾಲು.

ಗುರುವಾರ ಬೆಳಿಗ್ಗೆ ಬಾಬು ಸಾಬರಿಗೆ ಫೋನು ಮಾಡಿದ. ಊರಿನ ಕಾರುಗಳ ವೈರಿಂಗ್ ಕೆಲಸವೆಲ್ಲ ಅವರದೇ. ಅವರೋ ಮದುವೆಗೆಂದು ರಾಯದುರ್ಗದಲ್ಲಿದ್ದರು.

"ಸ್ಟಾರ್ಟರ್ ಬಿಚ್ಚೋಕೆ ನಿಮಗೆ ಬರ್ತೈತಲ್ಲ ಅಣ್ಣಾರೆ, ಬಿಚ್ರಿ," ಅಂದರು ಬಾಬು ಸಾಬ್. "ಮೊದ್ಲು ಬ್ಯಾಟರಿ ವೈರು ತೆಗೀರಿ, ಮರೀಬ್ಯಾಡ್ರಿ. ಆಮೇಲೆ ಒಳಗೆ ಬ್ರಷ್ ಸವೆದೈತಾ ನೋಡ್ರಿ. ನಾಳಿದ್ದು ಬರ್ತೀನಿ."

ನಾಳಿದ್ದು ಬಂದು ಏನು ಮಾಡುತ್ತೀರಪ್ಪಾ ಎಂದು ಗೊಣಗುತ್ತ ನಾಗೇಂದ್ರಪ್ಪ ಪಂಚೆ ಎತ್ತಿ ಕಟ್ಟಿದ. ಬ್ಯಾಟರಿ ವೈರು ಕಳಚಿದ, ಬೋಲ್ಟು ಬಿಚ್ಚಿದ, ಕಾರಿನ ಕೆಳಗೆ ಮಲಗಿ ಎದ್ದು, ಮತ್ತೆ ಮಲಗಿ, ಅಂತೂ ಎಂಜಿನ್ ತಿರುಗಿಸಿ ಚಾಲೂ ಮಾಡುವ ಆ ಸ್ಟಾರ್ಟರ್ ಮೋಟಾರನ್ನು ಹೊರಗೆಳೆದು ಜಗಲಿಯ ಮೇಲೆ ಗೋಣಿಚೀಲ ಹಾಸಿ ಇಟ್ಟ. ಹಿಂದಿನ ಮುಚ್ಚಳ ತೆಗೆದ. ಒಳಗಿನ ತಾಮ್ರದ ಉರುಳೆಗೆ ಒತ್ತಿಕೊಂಡು ಕರೆಂಟು ಕೊಡುವ ಇದ್ದಲಿನ ತುಂಡುಗಳಿಗೇ ಬ್ರಷ್ ಅನ್ನುವುದು. ಅವು ಸವೆದಿರಲಿಲ್ಲ. ಕಪ್ಪು ಅಂಟಿನಲ್ಲಿ ಹೂತು, ತಮ್ಮ ಗೂಡಿನಲ್ಲೇ ಕಚ್ಚಿಕೊಂಡು ಕೂತಿದ್ದವು.

"ಪಾಪ, ಒಣಗಿ ಹಿಡ್ಕೊಂಡೈತೆ," ಎಂದು ಕನಿಕರಪಟ್ಟ ನಾಗೇಂದ್ರಪ್ಪ ಕುಪ್ಪಿಗೆ ಕೈ ಹಾಕಿದ.

ಸೊಪ್ಪು ಬಿಡಿಸುತ್ತ ಹೊಸ್ತಿಲ ಬಳಿ ಕೂತಿದ್ದ ಜಗದಾಂಬ ಎದ್ದು ಬಂದು ಅವನ ಮಣಿಕಟ್ಟು ಹಿಡಿದಳು. ಬಗ್ಗಿ ಮೂಸಿದಳು.

"ಇದಕ್ಕೆ ಮೊದ್ಲೂ ಎಣ್ಣೆ ಬಿಟ್ಟಿದ್ರಾ?"

"ಗುರ್ ಅಂತಿತ್ತು ಅಂತ ಆಗಾಗ ಬಿಚ್ಚಿ ಸ್ವಲ್ಪ ಬಿಡ್ತಿದ್ದೆ."

"ನನ್ನ ಮಿಕ್ಸಿಗೂ ಹಿಂಗೇ ಸ್ವಲ್ಪ ಬಿಟ್ಟಿದ್ರಿ. ಚಟ್ನಿ ರುಬ್ಬೋವಾಗ ಹೊಗೆ ಬಂತು. ಅದನ್ನ ಬಿಚ್ಚಿದಾಗ್ಲೂ ಹಿಂಗೇ ಇದ್ದಲಿನ ತುಂಡು, ಹಿಂಗೇ ಕರಿ ಅಂಟು. ಈ ತುಂಡಿಗೆ ಎಣ್ಣೆ ಸೋಕಬಾರದು ಅಂತ ರಿಪೇರಿಯೋನು ನಿಮ್ಮ ಮುಂದೇನೇ ಹೇಳಿದ. ನೀವು ಕೇಳಿಸ್ಕೊಂಡ್ರಿ ಅಂದ್ಕೊಂಡಿದ್ದೆ."

ನಾಗೇಂದ್ರಪ್ಪ ಪೆಚ್ಚಾದ. ಇಷ್ಟು ವರ್ಷ ಹೆಂಡತಿ ಬೆವರು ಸುರಿಸಿ ತಳ್ಳಿದ್ದು ತನ್ನ ಕುಪ್ಪಿಯ ಉಪಕಾರದಿಂದ. ಶೇಂಗಾ ಎಣ್ಣೆಯೂ ಇದ್ದಲ ಪುಡಿಯೂ ಕಲೆತು ಒಳ್ಳೇ ಲೇಹ್ಯವಾಗಿತ್ತು. ಅವನಿಗೆ ನಾಚಿಕೆಯಾಯಿತು, ಬೇಜಾರೂ ಆಯಿತು. ಜಗದಾಂಬ ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ. ಕುಪ್ಪಿಯನ್ನು ತೆಗೆದುಕೊಂಡು ಒಳಗೆ ಹೋದಳು, ಹಳೇ ಬನಿಯನ್ ಹರಿದು ತಂದುಕೊಟ್ಟಳು.

ಅವನು ಪೆಟ್ರೋಲಿನಲ್ಲಿ ಬಟ್ಟೆ ಅದ್ದಿ ಅಂಟನ್ನೆಲ್ಲ ಒರೆಸಿದ. ಉರುಳೆಯನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿದಾಗ ತಾಮ್ರ ಥಳಥಳ ಅಂದಿತು. ಬ್ರಷ್ಷುಗಳು ಗೂಡಿನಲ್ಲಿ ಸಲೀಸಾಗಿ ಆಡತೊಡಗಿದವು. ಎಲ್ಲ ಬಿಸಿಲಿಗಿಟ್ಟು ಒಣಗಿಸಿ, ಜೋಡಿಸಿ, ಬಿಗಿದು, ವೈರು ಹಾಕಿ ಕೀಲಿ ತಿರುಗಿಸಿದ. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ತಳ್ಳಲೆಂದು ರೂಢಿಯಂತೆ ಎದ್ದು ಬಂದಿದ್ದ ಎದುರು ಮನೆಯ ಕ್ಯಾತಣ್ಣ, ಅಂಗಿಯ ತೋಳು ಮಡಚಿದವನು ಹಾಗೇ ನಿಂತುಬಿಟ್ಟ.

ಶುಕ್ರವಾರ ಹೊರಡುವಾಗ ಜಗದಾಂಬ ಮನೆಯಲ್ಲಿ ಉಡುವ ಹಳೇ ನೂಲಿನ ಸೀರೆಯಲ್ಲೇ ಬಂದು ಕೂತಳು. ಕೈಯಲ್ಲೊಂದು ಚೀಲ. ಶುಭಕಾರ್ಯಕ್ಕೆ ಈ ಸೀರೆಯೇ ಎಂದು ನಾಗೇಂದ್ರಪ್ಪನಿಗೆ ಕಸಿವಿಸಿಯಾಯಿತು. ಇನ್ನೂ ಸಿಟ್ಟಿರಬೇಕು ಅಂದುಕೊಂಡು ಕಾರು ಹೊರಡಿಸಿದ. ಅವಳು ಮಾತು ಬಿಟ್ಟು ಎಂಜಿನ್ ಸದ್ದಿಗೇ ಕಿವಿಗೊಟ್ಟಿದ್ದಳು. ತಳಕಿನಲ್ಲಿ ಚಾ ಅಂಗಡಿ ಮುಂದೆ ನಿಲ್ಲಿಸಿದ. ಕಾಲು ತಾನಾಗಿ ಆಕ್ಸಿಲರೇಟರ್ ಮೇಲೆಯೇ ಇತ್ತು.

"ಆಫ್ ಮಾಡ್ರಿ," ಅಂದಳು ಜಗದಾಂಬ.

"ಯಾಕೆ ಬಿಡೇ, ಇಲ್ಲೇ ಕುಡಿಯೋಣ."

"ಬೆಂಚಿನ ಮ್ಯಾಲೆ ಕೂತು ಕುಡೀಬೇಕು ನಂಗೆ. ಆಫ್ ಮಾಡ್ರಿ."

ಆರಿಸಿದ. ಇಬ್ಬರೂ ಇಳಿದು ಬೆಂಚಿನ ಮೇಲೆ ಕೂತರು. ಅಷ್ಟರಲ್ಲಿ ಮೊಳಕಾಲ್ಮುರು ಬಸ್ಸು ಬಂದು ಎದುರಿಗೇ ನಿಂತಿತು. ನಾಗೇಂದ್ರಪ್ಪ ಬಸ್ಸನ್ನು ನೋಡಿದ, ಕಾರನ್ನು ನೋಡಿದ. ಚಾ ಲೋಟ ಕೆಳಗಿಟ್ಟ.

"ಒಂದ್ವೇಳೆ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಬಸ್ಸು ಹೋಗಿಬಿಡ್ತೈತೆ. ಬೇಕಾದ್ರೆ ಈಗ್ಲೇ ಹತ್ತು," ಅಂದ. "ನೀನೇ ಅಂದಿದ್ದೆಯಲ್ಲ."

"ಅಂದಿದ್ದೆ," ಅಂದಳು ಜಗದಾಂಬ. ಮಡಿಲಲ್ಲಿದ್ದ ಚೀಲದ ಬಾಯಿ ಸ್ವಲ್ಪ ತೆರೆದು ತೋರಿಸಿದಳು. ರೇಷ್ಮೆ ಸೀರೆ ಅದರೊಳಗೆ ಮಡಿಸಿಟ್ಟಂತೇ ಇತ್ತು. "ಇದನ್ನ ಅಲ್ಲಿ ಹೋಗಿ ಉಟ್ಕೊಂತೀನಿ. ತಳ್ಳೋಕೆ ನೂಲಿನ ಸೀರೇನೇ ಅನುಕೂಲ."

ಬಸ್ಸು ಹೊರಟುಹೋಯಿತು. ನಾಗೇಂದ್ರಪ್ಪ ಎದ್ದು ಹೋಗಿ ಕೀಲಿ ತಿರುಗಿಸಿದ. ಎಂಜಿನ್ ತಕ್ಷಣ ಸದ್ದು ಮಾಡಿತು. ಕಿಟಕಿಯಿಂದ ಹೆಂಡತಿಯನ್ನು ಒಂದು ಗಳಿಗೆ ನೋಡಿದ. ಮತ್ತೆ ಆರಿಸಿ, ಕೆಳಗಿಳಿದು ಬಂದು ಅವಳ ಪಕ್ಕದಲ್ಲಿ ಕೂತ.

"ಇನ್ನೊಂದು ಚಾ ಕುಡಿಯೋಣ ಕಣೇ," ಅಂದ. "ಈಗ ಹೇಳು, ಯಾರ ಸೊಸೆ ಏನಂದ್ಲು?"